ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು

ಹೋದ ವಾರ ನನ್ನ ತಮ್ಮನ ಮೊಮ್ಮಗ ಬಸು ಹೊಸ ಕಾರು ತಂದ. ಯಾದಗಿರಿಯ ನಮ್ಮ ಓಣಿಯಲ್ಲಿ ಅದು ಹೊರಳಬೇಕಾದರೆ ಎದುರು ಮನೆಯವರು ಕಟ್ಟೆಯ ಮೇಲಿನ ತುಳಸಿ ಕುಂಡವನ್ನು ಎತ್ತಿ ಒಳಗಿಡಬೇಕಾಯಿತು. ನಾನು ಹತ್ತುವುದಕ್ಕೆಂದು ಅಡುಗೆಮನೆಯಿಂದ ಒಂದು ಮಣೆ ತರಿಸಿದರು. ನನ್ನ ವಯಸ್ಸಿನ ಹೆಂಗಸು ಕಾರು ಹತ್ತುವುದನ್ನು ನೋಡಲು ಓಣಿಯೇ ನೆರೆಯಿತು. ಹಿಂದೊಮ್ಮೆ ಇದೇ ಓಣಿಗೆ ಆನೆ ಬಂದಾಗಲೂ ಇಷ್ಟು ಜನ ಸೇರಿರಲಿಲ್ಲ. ಅಂತೂ ಹತ್ತಿ, ಸೀರೆ ಸರಿ ಮಾಡಿಕೊಂಡು "ವೆರಿ ನೈಸ್" ಎಂದೆ. ಕಾನ್ವೆಂಟಿನಲ್ಲಿ ಕಲಿತ ಮೊದಲ ವಿದ್ಯೆ ಅದು. ಯಾರು ಏನು ಕೊಟ್ಟರೂ ಮೊದಲು ವೆರಿ ನೈಸ್ ಅನ್ನಬೇಕು, ಕೊಟ್ಟದ್ದು ಏನೆಂದು ಆಮೇಲೆ ನೋಡಬೇಕು.

ಆಮೇಲೆ ನೋಡಿದೆ. ನನ್ನ ಪಕ್ಕದ ಕಿಟಕಿಗೆ ಕರಿ ಜಾಳಿಗೆಯ ಪರದೆ. ಮೂಲೆಗಳಲ್ಲಿ ರಬ್ಬರಿನ ಪುಟ್ಟ ಬಟ್ಟಲು; ಒತ್ತಿದರೆ ಗಾಜಿಗೆ ಕಚ್ಚಿಕೊಳ್ಳುತ್ತದೆ.

"ಇದೇನಪಾ ಬಸು?"

"ಸನ್‌ಶೇಡ್ ಅಜ್ಜಿ. ಬಿಸಲು ಬರಂಗಿಲ್ಲ. ಮತ್ತ ಲೇಡೀಸ್ ಕುಂತ್ರ ಪ್ರೈವಸಿನೂ ಆಗ್ತದ."

ನನಗೆ ನಗು ಹತ್ತಿತು. ಹತ್ತಿದ್ದು ಇಳಿಯಲೇ ಇಲ್ಲ. ಅಜ್ಜಿಗೆ ಏಸಿ ಗಾಳಿ ತಡೆಯಲಿಲ್ಲ ಎಂದು ಬಸುವಿನ ಹೆಂಡತಿ ಗಾಬರಿಯಾಗಿ ನೀರು ಕೊಟ್ಟಳು. ಪಾಪ, ಅವಳಿಗೇನು ಗೊತ್ತು? ನಮ್ಮ ಮನೆಯ ಕಾರಿನಿಂದ ಪರದೆ ಹೋದ ದಿನ ಆ ಕಾರಿನಲ್ಲಿ ಇದ್ದವಳು ನಾನು. ಒಂದು ಜನ್ಮ ಕಳೆದ ಮೇಲೆ ಅದೇ ಪರದೆ, ಈಗ ರಬ್ಬರಿನ ಬಟ್ಟಲು ಕಟ್ಟಿಕೊಂಡು, ಕಂಪನಿ ಫಿಟಿಂಗ್ ಆಗಿ ವಾಪಸ್ ಬಂದಿದೆ!

ನಮ್ಮದು ಸುರಪುರಕ್ಕೆ ಹತ್ತಿಕೊಂಡ ರಂಗಂಪೇಟೆಯ ಮನೆತನ. ನಮ್ಮ ಮನೆಯ ಗಂಡಸರ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಹುಟ್ಟಿದ್ದು, ಓದಿದ್ದು, ಸತ್ತದ್ದು ಒಂದೂ ಬೇಡ. ಯಾವ ಮಾಡೆಲ್ ಕಾರು ಇಟ್ಟಿದ್ದರು ಎಂದು ಬರೆದರೆ ಸಾಕು, ಉಳಿದದ್ದೆಲ್ಲ ಅದರಲ್ಲೇ ತಿಳಿಯುತ್ತದೆ. ಮೊದಲನೆಯದು ಮುತ್ಯಾನ, ಅಂದರೆ ಅಪ್ಪನ ತಂದೆಯ, ಫೋರ್ಡು. ಹೈದರಾಬಾದಿನ ಯಾವುದೋ ನವಾಬರ ಮನೆಯಲ್ಲಿ ಯೌವನ ಕಳೆದು, ಮುಪ್ಪಿನಲ್ಲಿ ನಮ್ಮ ಮನೆ ಸೇರಿದ ಗಾಡಿ. ನಮ್ಮ ಕಡೆಯ ದೌಲತ್ತೆಲ್ಲ ಬಂದದ್ದು ಹಾಗೆಯೇ, ಸೆಕೆಂಡ್ ಹ್ಯಾಂಡ್. ಮೇಲೆ ಕ್ಯಾನ್ವಾಸಿನ ಮಾಡು, ಬದಿಗೆ ರಬ್ಬರ್ ಚೆಂಡಿನ ಹಾರ್ನು, ಮಗ್ಗುಲಲ್ಲಿ ಕಾಲಿಡುವ ಹಲಗೆ. ಗಾಡಿಯ ಜೊತೆಗೆ ಇನ್ನೆರಡು ಬಂದವು: ಡ್ರೈವರ್ ಖಾಜಾಸಾಬ, ಮತ್ತು ಕೆಂಪು ಮಖಮಲ್ಲಿನ ಪರದೆ. ಪಕ್ಕದ ಕಿಟಕಿಗಳಿಗೆ ಒಂದೊಂದು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ, ಹಿತ್ತಾಳೆಯ ಸರಳಿನಿಂದ ಇಳಿಬಿಟ್ಟದ್ದು ಇನ್ನೊಂದು.

ನವಾಬರ ಹೆಂಗಸರಿಗೆ ಪರದೆ ಇತ್ತು, ಸರಿ. ನಮ್ಮ ಮನೆಯವರಿಗೆ ಅಲ್ಲಿಯವರೆಗೆ ಅದರ ಸುದ್ದಿಯೇ ಇರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊಲಕ್ಕೆ ನಡೆದೇ ಹೋಗುತ್ತಿದ್ದಳು. ಬಾವಿಕಟ್ಟೆಯ ಮೇಲೆ ನಿಂತು ಆಳುಗಳನ್ನು ಬೈದರೆ ಊರ ಅಗಸಿಯವರೆಗೆ ಕೇಳುತ್ತಿತ್ತು. ಅಂಥವಳು ಕಾರು ಬಂದ ದಿನದಿಂದ ಕಾರಿನೊಳಗೆ ಮಾತ್ರ ಪರದಾನಶೀನ್ ಬೇಗಂ. ಕಾರಿನಿಂದ ಇಳಿದಳೋ, ಮತ್ತೆ ಅದೇ ಬಾಯಿ, ಅದೇ ಬೈಗುಳ. ಪರದೆ ಇದ್ದದ್ದು ಹೆಂಗಸರಿಗಲ್ಲ ನೋಡಿ, ಕಾರಿಗೆ. ಹಾರ್ನು ಇದ್ದ ಹಾಗೆ ಅದೂ ಒಂದು ಪಾರ್ಟು.

ಪಾರ್ಟಿಗೆ ತಕ್ಕ ರೂಲ್ಸು ಇದ್ದವು. ಕಾರಿನಲ್ಲಿ ಕುಳಿತ ಹೆಂಗಸರ ದನಿ ಮುಂದಿನ ಸೀಟಿಗೆ ಕೇಳಬಾರದು. ಮುಂದಿನ ಗಂಡಸರು ತಿರುಗಿ ನೋಡಬಾರದು. ಹಬ್ಬದ ದಿನ ಪಡಸಾಲೆಯಲ್ಲಿ ಆಯಿಯ ಎದುರಿಗೇ ಕುಳಿತು ಹೋಳಿಗೆ ತಿನ್ನುವ ಖಾಜಾಸಾಬನಿಗೆ, ಕಾರಿನಲ್ಲಿ ಮಾತ್ರ ಆಕೆ ಅದೃಶ್ಯ. ಹಿಂದಿನಿಂದ ಹೇಳುವುದನ್ನು ಸೀಟಿನ ಬೆನ್ನಿನ ಕಟ್ಟಿಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಹೇಳಬೇಕು. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು, ಮೂರು ಬಡಿದರೆ ಕೂಸಿಗೆ ವಾಂತಿ. ಮೂರನೆಯದು ಬಹುಪಾಲು ನನ್ನ ಸಲುವಾಗಿ.

ರಜಾಕಾರರ ಗದ್ದಲದ ಕಾಲದಲ್ಲಿ ಗಾಡಿಯನ್ನು ಎಲ್ಲಿ ಎಳೆದೊಯ್ಯುತ್ತಾರೋ ಎಂದು ಮುತ್ಯಾ ಅದನ್ನು ಜೋಳದ ಕಣಿಕೆಯ ಬಣವೆಯೊಳಗೆ ಹುಗಿಸಿಟ್ಟ. ಪೊಲೀಸ್ ಆಕ್ಷನ್ ಆಗಿ, ನಿಜಾಮರ ರಾಜ್ಯ ಹೋಗಿ, ಬಣವೆ ಕಿತ್ತಾಗ ಒಳಗೆ ಕೋಳಿಗಳು ಸಂಸಾರ ಹೂಡಿದ್ದವು. ಹಿಂದೂಸ್ಥಾನಕ್ಕೆ ಹೈದರಾಬಾದು ಸೇರಿತು, ನಮ್ಮ ಸೀಟಿನಿಂದ ಕೋಳಿಯ ವಾಸನೆ ಮಾತ್ರ ಹೋಗಲಿಲ್ಲ. ಮುತ್ಯಾ ಆ ವರ್ಷವೇ ತೀರಿಕೊಂಡ. ಗಾಡಿ, ಪರದೆ, ಖಾಜಾಸಾಬ ಮೂರೂ ಅಪ್ಪನ ಪಾಲಿಗೆ ಬಂದವು.

ಅಪ್ಪ ವಕೀಲರು. ಓದಿದ್ದೆಲ್ಲ ಉರ್ದುವಿನಲ್ಲಿ, ವಾದಿಸಿದ್ದೂ ಉರ್ದುವಿನಲ್ಲಿ. ಆಡುವುದು ಕನ್ನಡ, ಅದನ್ನು ಬರೆಯಬಹುದು ಎಂಬ ಸಂಶಯ ಅವರಿಗೆ ಎಂದೂ ಬಂದಿರಲಿಲ್ಲ. ಹೊಸ ಸರ್ಕಾರ ಬಂದ ಮೇಲೆ ನಿಜಾಮರ ಕಾಲದ ರೂಮಿ ಟೋಪಿ ತೆಗೆದು ಬಿಳಿ ಟೋಪಿ ಹಾಕಿಕೊಂಡರು. ಟೋಪಿ ಬದಲಾಯಿತು, ತಲೆ ಅದೇ. ಹೊಸ ಹಾಕೀಮರು, ಅಂದರೆ ಅಧಿಕಾರಿಗಳು, ಜೀಪಿನಲ್ಲಿ ಓಡಾಡತೊಡಗಿದಾಗ ಅಪ್ಪನಿಗೆ ಆದ ದುಃಖ ನಿಜಾಮರು ಹೋದಾಗಲೂ ಆಗಿರಲಿಲ್ಲ. "ಬಾಗಲಾ ಇಲ್ಲದ ಗಾಡ್ಯಾಗ ಕುಂತ ಬರಾವ ಎಂಥಾ ಹಾಕೀಮ? ಎತ್ತಿನ ಬಂಡಿಗರ ಕಟಕಟೆ ಇರ್ತದ" ಎನ್ನುತ್ತಿದ್ದರು.

ಈಗ ನೀಲತ್ತಿಯ ವಿಷಯ ಹೇಳಬೇಕು. ಅವಳಿಲ್ಲದಿದ್ದರೆ ಈ ಕಾರಿನ ಕಥೆಗೆ ಗಾಲಿಯೇ ಇಲ್ಲ.

ನೀಲತ್ತಿ ಅಪ್ಪನ ತಂಗಿ. ಶಹಾಪುರಕ್ಕೆ ಕೊಟ್ಟಿದ್ದರು. ಒಂದು ನಾಗಪಂಚಮಿಗೆ "ತವರಿಗೆ ಹೋಗಿ ಬಾ" ಎಂದು ಕಳಿಸಿದ ಅತ್ತೆ-ಮಾವ ಕರೆಯಲು ಬರಲೇ ಇಲ್ಲ. ಮುಂದಿನ ಪಂಚಮಿ ಬಂತು, ಅದರ ಮುಂದಿನದೂ ಬಂತು. ಜೋಕಾಲಿ ಕಟ್ಟುವುದು, ಬಿಚ್ಚುವುದು ನಡೆದೇ ಇತ್ತು. ಮಕ್ಕಳಾಗಲಿಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳಿದ ಕಾರಣ. ಹೇಳದ ಕಾರಣ, ಸೊಸೆ ಓದುತ್ತಾಳೆ ಎಂಬುದು. ಸಣ್ಣವಳಿದ್ದಾಗ ಮಠದ ಅಯ್ಯನವರ ಹತ್ತಿರ ಉಸುಕಿನ ಮೇಲೆ ಬರೆದು ಕನ್ನಡ ಕಲಿತಿದ್ದಳು. ಗಂಡುಮಕ್ಕಳಿಗೆ ಸರ್ಕಾರಿ ಉರ್ದು ಶಾಲೆ. ಹೆಣ್ಣುಮಕ್ಕಳಿಗೆ ಏನಿದ್ದರೇನು ಎಂದು ಅಯ್ಯನವರ ಪುಕ್ಕಟೆ ಕನ್ನಡ. ಶಹಾಪುರದ ಅತ್ತೆ ಅವಳ ಪುಸ್ತಕದ ಹಾಳೆ ಒಂದೊಂದಾಗಿ ಹರಿದು ರೊಟ್ಟಿಯ ಹಂಚು ಒರೆಸುತ್ತಿದ್ದಳಂತೆ. ಕೂಗಾಡಲಿಲ್ಲ, ಸುಡಲಿಲ್ಲ; ದಿನಾ ಒಂದು ಹಾಳೆ, ಅಷ್ಟೇ.

"ನಾ ಅಲ್ಲಿಗಿ ಮತ್ತ ಹೋಗಂಗಿಲ್ಲವಾ" ಎಂದು ಅತ್ತಿ ಆಯಿಗೆ ಹೇಳಿದ್ದಳು. "ಆ ಮನ್ಯಾಗ ನಾ ಸೊಸಿ ಅಲ್ಲ. ನಾನೂ ಒಂದು ಹಂಚು."

ಅಷ್ಟರಲ್ಲಿ ಶಾಲೆಗಳೆಲ್ಲ ಕನ್ನಡಕ್ಕೆ ತಿರುಗಿದವು. ತಿರುಗಿದವು ಸರಿ, ಕಲಿಸುವವರು ಎಲ್ಲಿ? ಊರಿನ ಓದಿದ ಗಂಡಸರೆಲ್ಲ ಅಪ್ಪನಂಥವರೇ. ಒಂದು ದಿನ ಶಾಲಾ ಇನ್ಸ್‌ಪೆಕ್ಟರರು ಜೀಪಿನಲ್ಲಿ ನಮ್ಮ ಮನೆಗೇ ಬಂದರು. ಧಾರವಾಡದ ಕಡೆಯವರು, ತುಂಬ ಸೌಮ್ಯ ಮನುಷ್ಯ.

"ವಕೀಲ್ ಸಾಹೇಬ್ರ, ನಿಮ್ಮ ತಂಗಿ ಕನ್ನಡ ಛಲೋ ಓದ್ತಾರಂತ ಕೇಳೇನಿ. ಯಾದಗಿರಿ ಹೆಣ್ಣುಮಕ್ಕಳ ಸಾಲಿಗೆ ಒಬ್ಬರು ಅಕ್ಕೋರು ಬೇಕಾಗ್ಯಾರ್ರಿ."

"ನಮ್ಮ ಮನಿ ಹೆಣ್ಮಕ್ಕಳು ನೌಕರಿ ಮಾಡಂಗಿಲ್ರಿ."

"ನೌಕರಿ ಅಂತ ಯಾಕ ತಿಳೀತೀರಿ? ವಿದ್ಯಾದಾನ ಅದು."

"ಪಗಾರ ಕೊಡ್ತೀರಿಲ್ಲೋ?"

"ಕೊಡ್ತೀವ್ರಿ."

"ಹಂಗಾದ್ರ ಅದು ನೌಕರಿನೇ" ಎಂದು ಅಪ್ಪ ಕೇಸು ಗೆದ್ದವರ ಹಾಗೆ ಮೀಸೆ ಸವರಿಕೊಂಡರು.

ಅಡುಗೆಮನೆಯ ಬಾಗಿಲ ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಪಗಾರ ಇಲ್ಲದ ರೊಟ್ಟಿ ಬಡದ್ರ ಅದು ಖಾಂದಾನಿ" ಎಂಬ ಅತ್ತಿಯ ಮಾತು ಹೊರಗೆ ಕೇಳುವಷ್ಟು ಗಟ್ಟಿಯಾಗಿ ಬಂತು. ಮತ್ತೆ ಬಡಿಯುವ ಸದ್ದು. ಇನ್ಸ್‌ಪೆಕ್ಟರರು ಚಹಾ ಕುಡಿದು, ಬಾಗಿಲ ಕಡೆಗೆ ಮುಖ ಮಾಡಿ, "ಜಾಗಾ ಖಾಲಿ ಇಟ್ಟಿರ್ತೀವ್ರಿ" ಎಂದು ಹೇಳಿ ಹೋದರು.

ಇದಾಗಿ ಸ್ವಲ್ಪ ದಿನಕ್ಕೆ ಶಹಾಪುರದಿಂದ ಹೇಳಿಕೆ ಬಂತು. ಬೀಗರ ಮನಸ್ಸು ಕರಗಿದೆ, ಸೊಸೆಯನ್ನು ಕರೆದುಕೊಳ್ಳುತ್ತಾರೆ. ಒಂದೇ ಮಾತು: ಆಕೆ ಕಾರಿನಲ್ಲಿ ಬರಬೇಕು, ಕಾರು ಅಲ್ಲೇ ಉಳಿಯಬೇಕು. ಅವರ ಭಾವಬಂದರು, ಅಂದರೆ ಪಾಲು ಕೇಳಿ ಬೇರೆಯಾದ ದಾಯಾದಿಗಳು, ಹೊಸ ಹಿಂದೂಸ್ಥಾನ್ ಕಾರು ತಂದು ಇವರ ಮನೆಯ ಮುಂದೆಯೇ ದಿನಾ ಹಾಯಿಸುತ್ತಿದ್ದರಂತೆ. ಹಾಗಾಗಿ ಕರಗಿದ ಮನಸ್ಸು.

ಅಪ್ಪ ಒಪ್ಪಿಬಿಟ್ಟರು. ಕಾರಿನ ಹೊಟ್ಟೆ ತುಂಬಿಸುವುದು ಅಪ್ಪನಿಗೆ ಆಗಲೇ ಕಷ್ಟವಾಗಿತ್ತು. ಮಾರಿದರೆ ಮಾನ ಹೋಗುತ್ತದೆ, ತಂಗಿಯ ಹಿಂದೆ ಕಳಿಸಿದರೆ ಮಾನ ಬರುತ್ತದೆ. ಆಯಿ ಎರಡು ದಿನ ಅತ್ತಳು. ಮೂರನೆಯ ದಿನ "ಹೆಣ್ಣಿನ ಹಣೇಬರ" ಎಂದು ಉಂಡಿ ಕಟ್ಟಲು ಕುಳಿತಳು. ಅತ್ತಿಯನ್ನು ಯಾರೂ ಏನೂ ಕೇಳಲಿಲ್ಲ. ಟಾಯರಿಗೆ ಮಾತ್ರ ಗಾಳಿ ಇದೆಯೇ ಎಂದು ಹತ್ತು ಸಲ ಕೇಳಿದರು.

ನಾನು ಸಿಕಂದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ರಜೆ ಮುಗಿದು ಹೊರಡುವ ದಿನವೂ ಅದೇ. ಅತ್ತಿಯನ್ನು ಶಹಾಪುರದಲ್ಲಿ ಇಳಿಸಿ, ನನ್ನನ್ನು ಯಾದಗಿರಿಯ ಸ್ಟೇಷನ್ನಿಗೆ ಬಿಟ್ಟು, ಖಾಜಾಸಾಬ ಗಾಡಿಯನ್ನು ವಾಪಸ್ ಶಹಾಪುರಕ್ಕೆ ಒಪ್ಪಿಸುವುದು ಎಂದು ತೀರ್ಮಾನವಾಯಿತು. ಮುಂದೆ ಖಾಜಾಸಾಬ ಮತ್ತು ಅಪ್ಪ. ಪರದೆಯ ಹಿಂದೆ ಅತ್ತಿ, ನಾನು, ಎರಡು ಟ್ರಂಕು, ಅತ್ತಿ ಕೈಬಿಡದ ಒಂದು ಸಣ್ಣ ಗಂಟು, ಒಂದು ಡಬ್ಬಿ ಶೇಂಗಾ ಉಂಡಿ. ನಾನು ಯೂನಿಫಾರ್ಮಿನಲ್ಲಿ, ಕೊರಳಿಗೆ ಟೈ. ಅತ್ತಿ ಇಳಕಲ್ಲ ಸೀರೆಯಲ್ಲಿ. ಅಳುತ್ತಾಳೆ ಅಂದುಕೊಂಡಿದ್ದೆ, ಅವಳು ಪರದೆಯ ಸೀಳಿನಿಂದ ಹೊರಗೆ ನೋಡುತ್ತ ಕಲ್ಲುಗುಡ್ಡಗಳನ್ನು ಎಣಿಸುವವಳ ಹಾಗೆ ಕುಳಿತಿದ್ದಳು.

ದಾರಿಯಲ್ಲಿ ಒಂದು ಹಳ್ಳ ಬರುತ್ತದೆ. ನೀರು ಮೊಣಕಾಲಿಗೂ ಇಲ್ಲ, ಉಸುಕು ಮಾತ್ರ ಗಾಲಿ ನುಂಗುತ್ತದೆ. ಯಾವ ಮಾಡೆಲ್ ಕಾರೇ ಇರಲಿ, ಅಲ್ಲಿ ಎತ್ತು ಕಟ್ಟಿಯೇ ದಾಟಿಸಬೇಕು. ಹಾರ್ನು ಕೇಳಿದರೆ ದಂಡೆಯ ಹೊಲದವರು ತಾವಾಗಿಯೇ ಎತ್ತು ಹೊಡೆದುಕೊಂಡು ಬರುತ್ತಿದ್ದರು. ಅದಕ್ಕೂ ರೂಲ್ಸು ಇತ್ತು. ಭಾರ ಕಡಿಮೆಯಾಗಲೆಂದು ಹೆಂಗಸರು ಇಳಿದು, ಕಲ್ಲು ಕಲ್ಲು ದಾಟಿ, ಆಚೆ ದಂಡೆಯ ಜಾಲಿ ಕಂಟಿಯ ಮರೆಯಲ್ಲಿ ನಿಲ್ಲಬೇಕು. ಅವರು ಇಳಿಯುವಾಗ, ಮತ್ತೆ ಏರುವಾಗ, ಗಂಡಸರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಎತ್ತುಗಳು ಮಾತ್ರ ನೋಡಬಹುದು.

ಕಾರು ಆಚೆ ದಂಡೆಗೆ ಬಂತು. ಅಪ್ಪ, ಖಾಜಾಸಾಬ, ಎತ್ತಿನವರು ಸಾಲಾಗಿ ಬೆನ್ನು ತಿರುಗಿಸಿ ಹಳ್ಳ ನೋಡುತ್ತ ನಿಂತರು. ನಾನು ಕಾರಿನ ಕಡೆ ಹೊರಟಾಗ ಅತ್ತಿ ನನ್ನ ಟೈ ಹಿಡಿದು ಜಗ್ಗಿದಳು.

"ಬೇಬಿ, ನಾ ಏರಂಗಿಲ್ಲ. ನೀ ಏರಿ ಎರಡು ಸಲ ಬಡಿ."

"ಆದ್ರ ಅತ್ತಿ, ಅದು ಲೈ ಆಗ್ತದ. ಸಿಸ್ಟರ್ ಹೇಳ್ಯಾರ, ಲೈಯಿಂಗ್ ಈಸ್ ಎ ಸಿನ್."

"ನಿನ್ನ ಸಿಸ್ಟರ್ ಬಾಯಿಲೆ ಹೇಳೋ ಸುಳ್ಳಿಂದು ಹೇಳ್ಯಾರ. ಕಟಗಿ ಬಡಿಯೋದರಾಗ ಏನ್ ಸುಳ್ಳದ? ಹೊರಡು ಅಂದ್ರ ಹೊರಡು, ಅಷ್ಟ."

"ನೀ ಏನ್ ಮಾಡ್ತಿ?"

"ಹಿಂದ ಸರ್ಕಾರಿ ಬಸ್ ಬರ್ತದ. ಯಾದಗಿರಿಗಿ ಹೋಗ್ತದ. ಅದಕ್ಕ ಪರದಾ ಇಲ್ಲ." ಜಗ್ಗಿದ ಟೈಯನ್ನು ಅವಳೇ ನೆಟ್ಟಗೆ ಮಾಡಿದಳು. "ಯಾರರ ಕೇಳಿದ್ರ ಖರೇನೇ ಹೇಳು. ಕೇಳೂ ತನಕ ಮಾತ್ರ ಸುಮ್ನಿರು."

ಇದರಲ್ಲಿ ಯಾವ ಸಿನ್ನೂ ನನಗೆ ಕಾಣಲಿಲ್ಲ. ಹತ್ತಿ ಕುಳಿತೆ. ಎರಡು ಸಲ ಬಡಿದೆ. ಖಾಜಾಸಾಬ ಹ್ಯಾಂಡಲ್ ತಿರುಗಿಸಿದ, ಗಾಡಿ ಕೆಮ್ಮಿ ಹೊರಟೇಬಿಟ್ಟಿತು.

ಅಲ್ಲಿಂದ ಶಹಾಪುರದವರೆಗೆ ಅಪ್ಪ ತಂಗಿಗೆ ಬುದ್ಧಿ ಹೇಳಿದರು. ತಿರುಗಿ ನೋಡುವಂತಿಲ್ಲವಲ್ಲ, ಮುಂದಿನ ಗಾಜಿಗೆ ಹೇಳಿದರು.

"ನೋಡು ನೀಲಾ, ಅತ್ತಿ ಅಂದ್ರ ಅವ್ವ ಇದ್ದಂಗ. ಎದುರುತ್ತರ ಕೊಡಬ್ಯಾಡ."

ಪರದೆ ಎದುರುತ್ತರ ಕೊಡಲಿಲ್ಲ.

"ಪುಸ್ತಕದ ಹುಚ್ಚು ಬಿಡು. ಹೆಣ್ಣಿಗಿ ಶಾಂತಿ ಇರಬೇಕು."

ಪರದೆ ಶಾಂತವಾಗಿತ್ತು. ನಾನು ಎರಡನೆಯ ಉಂಡಿ ತಿನ್ನುತ್ತಿದ್ದೆ.

"ಕಾರು ಕೊಟ್ಟೀನಿ ನಿನ್ನ ಸಲುವಾಗಿ. ಇಷ್ಟು ಯಾವ ಅಣ್ಣ ಮಾಡ್ಯಾನ ಹೇಳು?"

ಪರದೆಗೆ ಅಂಥ ಇನ್ನೊಬ್ಬ ಅಣ್ಣ ನೆನಪಾಗಲಿಲ್ಲ. ಅಪ್ಪ ಬಿಳಿ ಟೋಪಿ ಸರಿಮಾಡಿಕೊಂಡರು. "ನೋಡಿದೇನೋ ಖಾಜಾ? ಹುಟ್ಟಿದಾಗಿಂದ ಇವತ್ತ ಒಂದಿನ ಇಕಿ ನನ್ನ ಮಾತು ಪೂರಾ ಕೇಳ್ಯಾಳ."

"ಹೌದ್ರಿ ಸಾಹೇಬ್" ಎಂದ ಖಾಜಾಸಾಬ. "ಎಲ್ಲಾ ಪರದಾದ ಬರ್ಕತ್ ರೀ."

ಶಹಾಪುರದಲ್ಲಿ ಬೀಗರು ಬಾಗಿಲಲ್ಲೇ ಕಾಯುತ್ತಿದ್ದರು. ಬೀಗಿತಿ ಆರತಿ ತಟ್ಟೆ ಹಿಡಿದಿದ್ದಳು. ಆರತಿ ಎತ್ತಿದ್ದು ಬಾನೆಟ್ಟಿಗೆ. ಕುಂಕುಮ ಹಚ್ಚಿದ್ದು ಹೆಡ್‌ಲೈಟುಗಳ ನಡುವೆ. ಮಾಲೆ, ತೆಂಗಿನಕಾಯಿ, ಗಾಲಿಯ ಕೆಳಗೆ ಲಿಂಬೆಹಣ್ಣು. ಬೀಗರು ಟಾಯರು ಒದ್ದು ನೋಡಿದರು. ಅತ್ತಿಯ ಗಂಡ, ನಾನು ಮಾವ ಅನ್ನಬೇಕಾದ ಮನುಷ್ಯ, ಹಾರ್ನಿನ ಚೆಂಡು ಹಿಡಿದು ಪೋಂ ಪೋಂ ಅನ್ನಿಸುತ್ತ ದಾಯಾದಿಗಳ ಮನೆಯ ಕಡೆಯೇ ನೋಡುತ್ತಿದ್ದ. ಹಿಂದೆ ಒಂದು ಪರದೆ ಇದೆ, ಅದರ ಹಿಂದೆ ಹೆಂಡತಿ ಇರಬೇಕು ಎಂಬುದು ಅವನ ಲಕ್ಷ್ಯಕ್ಕೇ ಬರಲಿಲ್ಲ. ನನಗೆ ಬೆವರು ಸುರಿಯುತ್ತಿತ್ತು. ಡಬ್ಬಿಯಲ್ಲಿ ಒಂದೇ ಉಂಡಿ ಉಳಿದಿತ್ತು.

ಆಗ ಬಸ್ಸು ಬಂತು. ಬಸ್ಸಿನ ದಾರಿ ಬೀಗರ ಮನೆಯ ಮುಂದೆಯೇ; ದಾರಿ ತುಂಬ ಕಾರು, ಆರತಿ, ಜನ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: "ಏ ಸರೀರಿ, ದಾರಿ ಬಿಡ್ರಿ! ಕಾರಿಗಿ ಮದಿವಿ ಮಾಡಾಕತ್ತೀರೇನು?"

ಬೀಗಿತಿ ಸೆರಗು ಎಳೆದುಕೊಂಡು, ತಟ್ಟೆ ಸಮೇತ ಗೋಡೆಗೆ ಹತ್ತಿ ನಿಂತು ದಾರಿ ಕೊಟ್ಟಳು. ಪರದೆಯ ಸೀಳಿನಿಂದ ನಾನು ನೋಡಿದೆ. ಬಸ್ಸಿನ ಕಿಟಕಿಯಲ್ಲಿ, ಆಡಿನ ಮರಿ ಅವಚಿಕೊಂಡ ಒಬ್ಬ ಹೆಂಗಸಿನ ಪಕ್ಕ, ಮೊಣಕೈ ಹೊರಗೆ ಇಟ್ಟು ನೀಲತ್ತಿ ಕುಳಿತಿದ್ದಳು. ಆರತಿ ಅವಳ ಮುಖದಿಂದ ಒಂದು ಮಾರು ದೂರವಿತ್ತು. ಗುಡಿ ದಾಟಿ ಹೋಗುವವರು ಮಾಡುತ್ತಾರಲ್ಲ, ಹಾಗೆ ಅವಳು ಆ ಮನೆಗೆ ಸುಮ್ಮನೆ ಕೈ ಮುಗಿದಳು. ಬಸ್ಸು ಹೋಯಿತು. ಯಾರೂ ತಲೆ ಎತ್ತಿರಲಿಲ್ಲ. ಎಲ್ಲರಿಗೂ ಬಂಪರಿನ ಚಿಂತೆ.

"ಸೊಸಿನ್ನ ಇಳಸ್ರೆವ್ವಾ ಇನ್ನ" ಎಂದು 'ಅಂದಹಾಗೆ' ಎಂಬ ದನಿಯಲ್ಲಿ ಬೀಗಿತಿ ನೆನಪು ಮಾಡಿಕೊಂಡಳು. ಪರದೆ ಸರಿಯಿತು. ಟೈ ಕಟ್ಟಿಕೊಂಡು, ಬಾಯಿ ತುಂಬ ಉಂಡಿ ಇಟ್ಟುಕೊಂಡು ನಾನು ಕುಳಿತಿದ್ದೆ. ಮ್ಯಾನರ್ಸ್ ಬಿಡಬಾರದು ನೋಡಿ. ನುಂಗಿ, ಎದ್ದು, "ಗುಡ್ ಆಫ್ಟರ್‌ನೂನ್" ಎಂದೆ.

"ಇದ್ಯಾವ ಕೂಸವಾ! ನೀಲವ್ವ ಎಲ್ಲಿ?"

ಅಪ್ಪ ಜೀವಮಾನದಲ್ಲಿ ಮೊದಲ ಸಲ ಹಿಂದಿನ ಸೀಟು ನೋಡಿದರು. ಕೇಳಿದ್ದಾರೆ, ಇನ್ನು ಖರೆ ಹೇಳಬೇಕು. "ಅತ್ತಿ ಹಳ್ಳದಾಗ ಇಳದಾಳ ಅಪ್ಪಾ. ಬಸ್ಸಿನಾಗ ಹೋದ್ಲು. ಈಗ ಇಲ್ಲೇ ಹಾದು ಹೋದ್ಲಲ್ಲ, ನೀವೆಲ್ಲಾ ದಾರಿ ಬಿಟ್ರಿ."

ಅಪ್ಪನ ಮುಖ ಸುಣ್ಣದ ಹಾಗಾಯಿತು. ಬಸ್ಸಿನ ಹಿಂದೆ ಓಡಿ ತಂಗಿಯನ್ನು ಇಳಿಸಿ ತಂದು ಒಪ್ಪಿಸುತ್ತಾರೆ ಎಂದೇ ನಾನು ತಿಳಿದೆ. ಅಪ್ಪನೂ ಹಾಗೆಯೇ ಮಾಡುತ್ತಿದ್ದರೋ ಏನೋ. ಆದರೆ ಬೀಗರು ಬಾಯಿಬಿಟ್ಟು ಎಲ್ಲ ಕೆಡಿಸಿಕೊಂಡರು. ಬಾನೆಟ್ಟಿನ ಮೇಲೆ ಕೈಯಿಟ್ಟು, ಬಹಳ ದೊಡ್ಡ ಮನಸ್ಸಿನಿಂದ ಅಂದರು: "ಹೋಗ್ಲಿ ಬಿಡ್ರಿ ವಕೀಲ್ ಸಾಹೇಬ್ರ. ಹುಡುಗಿ ಇವತ್ತಲ್ಲ ನಾಳಿ ಬರ್ತಾಳ. ಕಾರಂತೂ ಬಂದದಲ್ಲ, ಅದು ಇರ್ಲಿ."

ಅಪ್ಪ ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಬಾನೆಟ್ಟಿನ ಮಾಲೆ ತೆಗೆದು ಬೀಗರ ಕೊರಳಿಗೇ ಹಾಕಿ, "ಖಾಜಾ, ಗಾಡಿ ಚಾಲೂ ಮಾಡು" ಎಂದರು.

"ಅಲ್ರೀ, ಹಿಂಗ್ಯಾಕ?"

"ನಮ್ಮ ಹುಡುಗಿ ಕೂಡ ಕಾರು ಕೊಡಾಕತ್ತೀನಂತ ನಾ ತಿಳದಿದ್ದೆ. ಕಾರಿನ ಕೂಡ ಹುಡುಗಿ ತಗೋಳಾಕತ್ತೀವಂತ ನೀವು ತಿಳದೀರಿ."

ಇಷ್ಟಕ್ಕೇ ಅಪ್ಪ ಸಮಾಜ ಸುಧಾರಕರಾಗಿಬಿಟ್ಟರು ಎಂದು ತಿಳಿಯಬೇಡಿ. ಯಾದಗಿರಿಯವರೆಗೂ ತಂಗಿಗೆ ಬೈದರು. ಮತ್ತೆ ಪರದೆಗೇ ಬೈದರು, ರೂಢಿ ನೋಡಿ. ಪರದೆಯ ಹಿಂದೆ ಕುಳಿತು ನಾನೇ ಕೇಳಿಸಿಕೊಳ್ಳಬೇಕಾಯಿತು. ಖಾಜಾಸಾಬ ಮಾತ್ರ ಸ್ಟೇಷನ್ನಿನಲ್ಲಿ ನನ್ನ ಟ್ರಂಕು ಇಳಿಸುವಾಗ ಮೆಲ್ಲಗೆ ಅಂದ: "ಹಳ್ಳ ದಾಟಿದ ಮ್ಯಾಲೆ ಗಾಡಿ ಹಗರಾಗಿತ್ತು ಬೇಬಿ. ಆದ್ರ ಹಿಂದ ನೋಡೂದು ನಮ್ಮ ಡ್ಯೂಟಿ ಅಲ್ಲಲ್ಲ."

ಸ್ಟೇಷನ್ನಿಗಿಂತ ಮೊದಲು ಶಾಲೆಗೆ ಹೋಗಿದ್ದೆವು. ಉರ್ದು ಬೋರ್ಡಿನ ಮೇಲೆ ಹೊಸ ಸುಣ್ಣ ಬಳಿದು ಕನ್ನಡದಲ್ಲಿ ಬರೆದಿದ್ದರು. ಕೆಳಗಿನ ಉರ್ದು ಇನ್ನೂ ನೆರಳಿನ ಹಾಗೆ ಕಾಣುತ್ತಿತ್ತು. ಅತ್ತಿ ಶಾಲೆಯ ಕಟ್ಟೆಯ ಮೇಲೆ ಸಣ್ಣ ಗಂಟು ಇಟ್ಟುಕೊಂಡು ಕುಳಿತಿದ್ದಳು. ಅಣ್ಣನನ್ನು ಕಂಡು ಎದ್ದು ನಿಂತಳು. ಕೈಯಲ್ಲಿ ಗಂಟನ್ನು ಬಿಗಿಯಾಗಿ ಹಿಡಿದಿದ್ದಳು. ಅಪ್ಪ ಅವಳ ಮುಖ ನೋಡಲಾರದೆ ಬೋರ್ಡು ನೋಡಿದರು. ತುಂಬ ಹೊತ್ತು ನೋಡಿದರು.

"ಏನ್ ಬರದದ ಅದರ ಮ್ಯಾಲೆ?"

"ಒಳಗ ಬಾ ಅಣ್ಣಾ" ಎಂದಳು ಅತ್ತಿ. "ಕಲಸ್ತೀನಿ."

ಅಪ್ಪ ಕಾರಿನ ಹತ್ತಿರ ಬಂದು, ಪರದೆಯನ್ನು ಪೂರ್ತಿ ಸರಿಸಿ, ಅವಳ ಟ್ರಂಕನ್ನು ತಾವೇ ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ಸರಿಸಿದ ಪರದೆಯನ್ನು ಮತ್ತೆ ಯಾರೂ ಎಳೆಯಲಿಲ್ಲ. ಮುಂದಿನ ರಜೆಗೆ ನಾನು ಬಂದಾಗ ಆಯಿ ಆ ಮಖಮಲ್ಲಿನಿಂದ ದಿಂಬಿನ ಗವಸು ಹೊಲಿಸಿದ್ದಳು.

ಆಮೇಲೆ ನಮ್ಮ ಮನೆಗೆ ಏನೇನು ಮಾಡೆಲ್ ಬಂದವು! ರಾಜಕೀಯಕ್ಕೆ ಬಿದ್ದ ಕಾಕಾನ ಬಿಳಿ ಅಂಬಾಸಿಡರ್. ಸೀಟಿಗೆ ಬಿಳಿ ಟರ್ಕಿ ಟವೆಲ್, ಟವೆಲಿನ ಮೇಲೆ ಕಾಕಾ, ಉಳಿದ ಜಾಗದಲ್ಲಿ ಕಾಕೂ ಮತ್ತು ಆರು ಮಕ್ಕಳು. ಡಾಕ್ಟರ್ ತಮ್ಮನ ಫಿಯೆಟ್. ಅದನ್ನು ಒರೆಸುವ ಬಟ್ಟೆಯನ್ನು ಹೆಂಡತಿ ಮುಟ್ಟುವಂತಿರಲಿಲ್ಲ. ಅವನ ಮಗನ ಮಾರುತಿ ಎಂಟುನೂರು. ಸೀಟಿನ ಪ್ಲಾಸ್ಟಿಕ್ ಕವರು ಕೊನೆಯವರೆಗೂ ಬಿಚ್ಚಲಿಲ್ಲ, ಬೇಸಿಗೆಯಲ್ಲಿ ಕೂತರೆ ಎದ್ದಾಗ ಅರ್ಧ ಸೀರೆ ಅಲ್ಲೇ. ಮಾಡೆಲ್ ಬದಲಾಯಿತು, ಹೆಡ್‌ಲೈಟು ಬದಲಾಯಿತು. ಗಂಡಸರು ಮುಂದೆ ಕುಳಿತು ಮೈಲೇಜಿನ ಬಗ್ಗೆ ಮಾತಾಡುವುದು, ಹೆಂಗಸರು ಹಿಂದೆ ಕುಳಿತು ಟಿಫಿನ್ ಡಬ್ಬಿ ಹಿಡಿದುಕೊಳ್ಳುವುದು ಮಾತ್ರ ಹಾಗೇ ಉಳಿಯಿತು. ನೀಲತ್ತಿ ಇವುಗಳಲ್ಲಿ ಒಂದರಲ್ಲೂ ಹಿಂದೆ ಕೂರಲಿಲ್ಲ. "ಮುಂದ ಜಾಗಾ ಇದ್ರ ಬರ್ತೀನಿ, ಇಲ್ಲಂದ್ರ ಬಸ್ ಅದ" ಎನ್ನುತ್ತಿದ್ದಳು. ಈ ಯಾದಗಿರಿಯಲ್ಲಿ ಈಗ ಅಜ್ಜಿಯರಾದ ಅರ್ಧ ಹೆಂಗಸರು ಅವಳ ಕೈಯಲ್ಲಿ ಅಕ್ಷರ ಕಲಿತವರು. ಅಪ್ಪನೂ ಕಲಿತರು ಅನ್ನಿ, ಸಹಿ ಮಾಡುವಷ್ಟು.

ನಾನೇನು ಹೇಳುತ್ತಿದ್ದೆ? ಹಾಂ, ಬಸುವಿನ ಕಾರು. ಒಂದು ಸುತ್ತು ಹೊಡೆಸಿ ಮನೆಯ ಮುಂದೆ ನಿಲ್ಲಿಸಿದ. ಮುಂದಿನ ಪರದೆಯಲ್ಲಿ, ಅಂದರೆ ಆ ಟೀವಿಯಂಥ ಸ್ಕ್ರೀನಿನಲ್ಲಿ, ಏನೋ ಟಿಣ್ ಟಿಣ್ ಎಂದು ಕೆಂಪಗೆ ಹೊಡೆದುಕೊಳ್ಳತೊಡಗಿತು.

"ಇದೇನಪಾ, ಇದಕ್ಕೇನಾತು?"

"ಹಿಂದಿನ ಸೀಟ್ ನೋಡ್ರಿ ಅಂತದ ಅಜ್ಜಿ. ಹೊಸ ಫೀಚರ್. ಹಿಂದ ಯಾರರ ಒಳಗ ಉಳದ್ರ ಅದು ತಾನ ನೆನಪು ಮಾಡ್ತದ."

"ಹೌದೇನು? ಮತ್ತ ಹಿಂದಿನವರು ನಡುದಾರ್ಯಾಗ ಇಳದು ಹೋದ್ರ?"

ಬಸು ತಲೆ ಕೆರೆದುಕೊಂಡ. ಕಾರಿನ ಜೊತೆ ಬಂದ ಪುಸ್ತಕ ತೆಗೆದು ಹಾಳೆ ತಿರುವಿದ. "ಇಲ್ಲ ಅಜ್ಜಿ. ಅದನ್ನೇನು ಹೇಳಂಗಿಲ್ಲ ಕಾಣಸ್ತದ."

ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ, ಅವನ ಹೆಂಡತಿ ಡಬ್ಬಿ ಹಿಡಿದು ಕುಳಿತಿದ್ದಳು. ನಾನು ಅವಳ ಕಿಟಕಿಯ ರಬ್ಬರ್ ಬಟ್ಟಲು ಒಂದನ್ನು ಉಗುರಿನಿಂದ ಎತ್ತಿ ಪಟ್ ಅನ್ನಿಸಿದೆ.

"ಹಂಗಾದ್ರ ಛಲೋ ಕಾರು" ಎಂದೆ. "ವೆರಿ ನೈಸ್."